ಶಬ್ದ ಹಿಡಿಯಲು ಹೋದವನ ಪಾಡು

ಕಿವಿ ತೆರೆದುಕೊಂಡು ಒಂದು ಕಡೆ ಸುಮ್ಮನೆ ನಿಂತರೆ ಸಾಕು, ನಮ್ಮ ಸೀಮೆಯಲ್ಲಿ ಏನಾದರೊಂದು ನಡೆದೇ ನಡೆಯುತ್ತದೆ. ನಾನು ಇಪ್ಪತ್ತು ವರ್ಷದಿಂದ ಹಾಗೆ ನಿಂತಿದ್ದೇನೆ. ನಡೆಯುತ್ತಲೇ ಇದೆ.

ಹೊಟ್ಟೆಪಾಡಿಗೆ ನಾನು ಮದ್ದೂರಿನ ಒಂದು ಹೈಸ್ಕೂಲಿನಲ್ಲಿ ಸಂಗೀತದ ಮೇಷ್ಟ್ರು. ಬೆಳಿಗ್ಗೆ ಪ್ರಾರ್ಥನೆ ಹೇಳಿಸುತ್ತೇನೆ, ಮಧ್ಯಾಹ್ನ ಸರಳೆ ವರಸೆ ಹೇಳಿಕೊಡುತ್ತೇನೆ. ಉಳಿದ ಹೊತ್ತಿನಲ್ಲಿ ಸಂಗೀತ ಕಟ್ಟುತ್ತೇನೆ. ಆ ಸಂಗೀತದಲ್ಲಿ ರಾಗವಿಲ್ಲ, ತಾಳವಿಲ್ಲ, ಪಲ್ಲವಿ ಅನುಪಲ್ಲವಿ ಮೊದಲೇ ಇಲ್ಲ. ನಲ್ಲಿ ತೊಟ್ಟಿಕ್ಕುವುದು, ಪಂಪ್‌ಸೆಟ್ಟು ದಡದಡ ಅನ್ನುವುದು, ಕಬ್ಬಿನ ಗಾಣ ನರಳುವುದು, ಬಸ್ಸು ರಿವರ್ಸ್ ಬರುವಾಗ ಕಂಡಕ್ಟರು ಸೀಟಿ ಊದುವುದು, ಇವನ್ನೆಲ್ಲ ಮಷೀನಿನಲ್ಲಿ ಹಿಡಿದು, ಕತ್ತರಿಸಿ, ಎಳೆದು, ತಿರುವಿ ಹಾಕಿ, ಒಂದರ ಮೇಲೊಂದು ಪೇರಿಸಿ ಕೃತಿ ಮಾಡುತ್ತೇನೆ. ಗದ್ದಲ ಅಂತ ಒಂದು ಇಲ್ಲವೇ ಇಲ್ಲ, ಗಮನ ಕೊಟ್ಟು ಕೇಳದೆ ಬಿಟ್ಟ ಸಂಗೀತಕ್ಕೆ ಜನ ಗದ್ದಲ ಅನ್ನುತ್ತಾರೆ ಅಷ್ಟೇ, ಎನ್ನುವುದು ನನ್ನ ನಂಬಿಕೆ.

ಮದುವೆಯಾದ ಹೊಸತರಲ್ಲಿ ಇದನ್ನು ಹೆಂಡತಿಗೂ ವಿವರಿಸಿದೆ. ಅವಳು ಮಿಕ್ಸಿಯಲ್ಲಿ ಕಾಯಿ ಚಟ್ನಿ ರುಬ್ಬುತ್ತಿದ್ದಳು. ಮಿಕ್ಸಿ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಹಂಗಾದ್ರೆ ಈ ಸಂಗೀತಾನ ನೀವೇ ಹತ್ರ ನಿಂತ್ಕೊಂಡು ಕೇಳಿ," ಅಂತ ಪಕ್ಕಕ್ಕೆ ಸರಿದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಚಟ್ನಿ ನನ್ನ ಖಾತೆ.

ಬೆಲ್ಲದ ಸದ್ದು

ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ಸದ್ದು ಕೇಳಿದ್ದೀರಾ? ಮೊದಲು ಮಳೆ ಬಂದ ಹಾಗೆ, ಪಾಕ ಗಟ್ಟಿಯಾಗುತ್ತಾ ಬಂದರೆ ಯಾರೋ ದಪ್ಪನೆಯ ಮನುಷ್ಯ ಗೊಣಗಿದ ಹಾಗೆ. ಅದನ್ನು ಹಿಡಿಯಬೇಕೆಂದು ಮಂಡ್ಯದ ಹತ್ತಿರದ ಒಂದು ಆಲೆಮನೆಗೆ ಹೋದೆ.

ನನ್ನ ಮೈಕಿಗೆ ಗಾಳಿ ಬಡಿಯದಿರಲಿ ಅಂತ ಬೂದು ಬಣ್ಣದ ಕೂದಲಿನ ಒಂದು ಕವಚ ಇದೆ. ಅದನ್ನು ಉದ್ದನೆಯ ಕೋಲಿನ ತುದಿಗೆ ಸಿಕ್ಕಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಕೊಪ್ಪರಿಗೆಯ ಮೇಲೆ ಹಿಡಿದುಕೊಂಡು ನಿಂತೆ. ಆಲೆಮನೆಯ ಯಜಮಾನ ಓಡಿ ಬಂದ.

"ಏನ್ಸಾ ಇದು?"

"ಬೆಲ್ಲ ಕುದಿಯೋ ಸದ್ದು ಕೇಳೋಕೆ ಬಂದೆ ಯಜಮಾನ್ರೇ."

"ಸದ್ದು ಕೇಳುದ್ರೆ ಏನ್ ಗೊತ್ತಾದದು ಸಾ?"

"ಎಲ್ಲಾ ಗೊತ್ತಾಗುತ್ತೆ," ಅಂದೆ ನಾನು, ಕಲೆಯ ಹುಮ್ಮಸ್ಸಿನಲ್ಲಿ. "ಕಿವಿಗೊಟ್ಟು ಕೇಳಿದ್ರೆ ಒಳಗೆ ಏನೇನಿದೆ ಅಂತ ಅದೇ ಹೇಳುತ್ತೆ."

ಯಜಮಾನನ ಮುಖ ಸಪ್ಪಗಾಯಿತು. ಅವನು ಹಿಂದೆ ತಿರುಗಿ ಏನೋ ಸನ್ನೆ ಮಾಡಿದ. ಆಳುಗಳಿಬ್ಬರು ಮೂಲೆಯಲ್ಲಿದ್ದ ಎರಡು ಮೂಟೆಗಳನ್ನು ಎತ್ತಿಕೊಂಡು ಕಬ್ಬಿನ ಗದ್ದೆಯೊಳಗೆ ಮಾಯವಾದರು. ನಾನು ಕಣ್ಣು ಮುಚ್ಚಿ ಕೇಳುತ್ತಲೇ ಇದ್ದೆ, ನಡುವೆ ಒಂದೆರಡು ಸಲ ಮೆಚ್ಚಿಕೊಂಡು ತಲೆಯನ್ನೂ ಆಡಿಸಿದೆ. ತಲೆ ಆಡಿಸಿದ್ದೇ ತಡ, ಅವನು ಕೈ ಮುಗಿದುಬಿಟ್ಟ.

"ತಪ್ಪಾಯ್ತು ಬುಡಿ ಸಾ. ಒಸಿ ಸಕ್ಕರೆ ಬೆರಸ್ತೀವಿ, ಇಲ್ಲ ಅನ್ನಕಿಲ್ಲ. ಎಲ್ಲಾರೂ ಬೆರಸ್ತಾರೆ. ನಮ್ಮೊಬ್ರದ್ದೇ ಬರ್ಕಬ್ಯಾಡಿ!"

ಹೆಡ್‌ಫೋನು ತೆಗೆದು, ನಾನು ಯಾವ ಇಲಾಖೆಯವನೂ ಅಲ್ಲ, ಸಂಗೀತದ ಮೇಷ್ಟ್ರು ಅಂತ ಎಷ್ಟು ಹೇಳಿದರೂ ಅವನು ನಂಬಲಿಲ್ಲ. "ಸಂಗೀತದೋರಿಗೆ ಮುಂಗುಸಿ ಯಾಕ್ ಸಾ?" ಅಂತ ನನ್ನ ಮೈಕು ತೋರಿಸಿದ. ಹೊರಡುವಾಗ ಒಂದು ಅಚ್ಚು ಬೆಲ್ಲವನ್ನು ಕಾಗದದಲ್ಲಿ ಸುತ್ತಿ ಕೈಗಿಟ್ಟು, ಮೆಲ್ಲಗೆ ಹೇಳಿದ: "ಇದು ನಮ್ಮನೆಗೆ ಅಂತ ಬ್ಯಾರೆ ಮಾಡಿರದು ಸಾ. ಇದ್ನ ಕೇಳ್ಬ್ಯಾಡಿ, ಸುಮ್ನೆ ತಿನ್ನಿ."

ಆರು ಕಂಠ, ಒಂದು ರೈಲು

ಮದ್ದೂರು ಸ್ಟೇಷನ್ನಿನಲ್ಲಿ ವಡೆ ಮಾರುವವರ ಕೂಗು ನನ್ನ ಮಟ್ಟಿಗೆ ದೊಡ್ಡ ಸಂಗೀತ. ಒಬ್ಬೊಬ್ಬರದೂ ಒಂದೊಂದು ಶ್ರುತಿ. ಆರು ಜನ ಮಾರಾಟಗಾರರನ್ನು ಒಪ್ಪಿಸಿ ಆರು ಕಂಠಗಳಿಗೆ ಒಂದು ಕೃತಿ ಕಟ್ಟಿದೆ. ಒಬ್ಬ ಕೂಗು ಶುರು ಮಾಡಿದ ಮೇಲೆ ಇನ್ನೊಬ್ಬ, ಅವನ ಬೆನ್ನಿಗೆ ಮತ್ತೊಬ್ಬ, ಕೊನೆಗೆ ಆರೂ ಕೂಗು ಹೆಣೆದುಕೊಂಡು ಮೇಲಕ್ಕೇರಬೇಕು. ತಾಲೀಮಿನಲ್ಲಿ ಅವರ ಪೈಕಿ ಹಿರಿಯ ಒಂದೇ ಒಂದು ತಕರಾರು ತೆಗೆದ. "ಬುಟ್ಟಿ ಇರ್ಲೇಬೇಕು ಸಾ. ತಲೆ ಮ್ಯಾಲೆ ಭಾರ ಇಲ್ದಿದ್ರೆ ಬಾಯಿ ಬರಾಕಿಲ್ಲ."

ಆಯಿತು, ಬುಟ್ಟಿಯ ಸಮೇತ ಅಂತ ತೀರ್ಮಾನವಾಯಿತು. ಸ್ಟೇಷನ್ನಿನ ಪಕ್ಕದ ಸಣ್ಣ ಕಲ್ಯಾಣ ಮಂಟಪದಲ್ಲಿ ಒಂದು ಭಾನುವಾರ ಸಂಜೆ ಕಾರ್ಯಕ್ರಮ. ನಲವತ್ತು ಜನ ಸೇರಿದ್ದರು. ಆ ಹೊತ್ತಿಗೆ ಯಾವ ರೈಲೂ ಇಲ್ಲ ಎಂದು ಖಾತ್ರಿ ಮಾಡಿಕೊಂಡೇ ಸಮಯ ಇಟ್ಟಿದ್ದೆ. ಆದರೆ ಮಧ್ಯಾಹ್ನವೇ ಹೋಗಬೇಕಿದ್ದ ಒಂದು ರೈಲು ಅವತ್ತು ತಡವಾಗಿದ್ದು ನನಗೆ ಗೊತ್ತಿರಲಿಲ್ಲ.

ಕೃತಿ ಅದ್ಭುತವಾಗಿ ಏರುತ್ತಿತ್ತು. ಐದನೆಯ ಕಂಠ ಸೇರಿತು, ಆರನೆಯದು ಸೇರಿತು, ನನಗೆ ರೋಮಾಂಚನ. ಅಷ್ಟರಲ್ಲಿ ಹೊರಗೆ ಕೂಗಿತಲ್ಲ ಏಳನೆಯ ಕಂಠ! ಇಂಜಿನ್ನು. ಆರು ಜನರೂ ಒಬ್ಬರ ಮುಖ ಒಬ್ಬರು ನೋಡಿದರು. ಮುಂದಿನ ಗಳಿಗೆಯಲ್ಲಿ ವೇದಿಕೆ ಖಾಲಿ. ಕೂಗು ಬಾಗಿಲು ದಾಟಿ, ರಸ್ತೆ ದಾಟಿ, ಪ್ಲಾಟ್‌ಫಾರಂ ಸೇರಿ, ರೈಲಿನೊಳಗೆ ಹೊಕ್ಕು, ಚನ್ನಪಟ್ಟಣದ ಕಡೆಗೆ ಹೊರಟೇಹೋಯಿತು. ಮುಕ್ತಾಯವೇ ಹೀಗಿರಬೇಕೆಂದು ಜನ ಚಪ್ಪಾಳೆ ತಟ್ಟಿದರು. ನಾನು ತಲೆ ಮೇಲೆ ಕೈ ಹೊತ್ತು ಕುಳಿತೆ.

ಒಂದೂವರೆ ಗಂಟೆಯಾದ ಮೇಲೆ ಖಾಲಿ ಮಂಟಪದಲ್ಲಿ ನಾನು ವೈರು ಸುತ್ತುತ್ತಿದ್ದೆ, ಕಾವಲಿನವನು ಕಸ ಗುಡಿಸುತ್ತಿದ್ದ. ಆ ಹಿರಿಯ ವಾಪಸು ಬಂದ. ಖಾಲಿ ಬುಟ್ಟಿಯನ್ನು ತಲೆಗೇರಿಸಿ ಸೀದಾ ವೇದಿಕೆ ಹತ್ತಿದ.

"ನಂದು ಇನ್ನೂ ಎಲ್ಡು ಸಲ ಬಾಕಿ ಇತ್ತಲ್ವಾ ಸಾ," ಅಂದವನೇ ಗಂಟಲು ಸರಿಮಾಡಿಕೊಂಡು, ನಾನು ಹೇಳಿಕೊಟ್ಟ ಶ್ರುತಿಯಲ್ಲೇ, ಎಳೆ ಎಳೆಯಾಗಿ ಎರಡು ಸಲ ಕೂಗಿದ. ನನ್ನ ಕಣ್ಣಲ್ಲಿ ನೀರು ಬಂತು.

ಹಿಂದಿನಿಂದ ಕಾವಲಿನವನು ಪೊರಕೆ ಕೆಳಗಿಟ್ಟು, "ನಂಗೆ ಎಲ್ಡು ಕೊಡಪ್ಪ," ಅಂದ.

"ಖಾಲಿ ಆಗೋಯ್ತು ಕಣಣ್ಣೋ," ಅಂದ ಹಿರಿಯ, "ಇದು ಬರೀ ಸಂಗೀತ."

ಅಮ್ಮ ಬಂದ ಪೆಟ್ಟಿಗೆ

ಕೆಲವು ವರ್ಷ ಮಳವಳ್ಳಿಯಲ್ಲಿ ಕೆಲಸದಲ್ಲಿದ್ದೆ. ಆಗ ಹಾರ್ಮೋನಿಯಮ್ಮಿನ ಹೊಟ್ಟೆಯೊಳಗೆ ಹೇರ್‌ಪಿನ್ನು, ಅಂಗಿ ಗುಂಡಿ, ಮಾತ್ರೆಯ ಹಾಳೆ ಎಲ್ಲ ಸಿಕ್ಕಿಸಿ ಹೊಸ ನಾದ ಹುಡುಕುತ್ತಿದ್ದೆ. ಮಂದ್ರದ ಒಂದು ಸ್ವರವಂತೂ, ಒತ್ತಿದರೆ ಹುಲಿ ಗುರುಗುಟ್ಟಿದ ಹಾಗೆ ಕೇಳುತ್ತಿತ್ತು.

ಒಂದು ಶುಕ್ರವಾರ ನಾನು ಮನೆಯಲ್ಲಿಲ್ಲದಾಗ ಬೀದಿಯ ಭಜನೆಯ ಹೆಂಗಸರು ಬಂದು ಪೆಟ್ಟಿಗೆ ಕೇಳಿದರಂತೆ, ಹೆಂಡತಿ ಕೊಟ್ಟು ಕಳಿಸಿದ್ದಳು. ವಿಷಯ ತಿಳಿದ ತಕ್ಷಣ ಏದುಸಿರು ಬಿಡುತ್ತಾ ಓಡಿದೆ. ನಾನು ಭಜನೆ ಮನೆಯ ಬಾಗಿಲಿಗೆ ಹೋಗುವುದಕ್ಕೂ ಮಂಗಳಾರತಿ ಶುರುವಾಗುವುದಕ್ಕೂ, ಬಾರಿಸುತ್ತಿದ್ದಾಕೆ ಆ ಸ್ವರಕ್ಕೆ ಬೆರಳು ಇಡುವುದಕ್ಕೂ ಸರಿಹೋಯಿತು. ಗುರ್‌ರ್‌ರ್! ಮುಂದೆ ಕುಳಿತಿದ್ದ ಹಿರಿಯಜ್ಜಿಯೊಬ್ಬರು ಕೂದಲು ಬಿಚ್ಚಿಕೊಂಡು ಮೇಲೆದ್ದರು. ಮೈಮೇಲೆ ಅಮ್ಮ ಬಂದಿದ್ದಳು. ಎಲ್ಲರೂ ಅಡ್ಡಬಿದ್ದರು. ನನ್ನ ಹಿಂದೆಯೇ ಬಂದಿದ್ದ ಹೆಂಡತಿ ಬಾಯಿ ಬಿಡಬೇಡಿ ಅಂತ ಕಣ್ಣಲ್ಲೇ ಗದರಿದಳು. ನಾನೂ ಅಡ್ಡಬಿದ್ದೆ.

ಪಾಪಪ್ರಜ್ಞೆ ಬಿಡಲಿಲ್ಲ. ಮಾರನೆಯ ದಿನವೇ ಒಳಗಿನದನ್ನೆಲ್ಲ ಕಿತ್ತು, ಒರೆಸಿ, ಶ್ರುತಿ ಮಾಡಿ ಇಟ್ಟೆ. ಮುಂದಿನ ಶುಕ್ರವಾರ ನಾನೇ ಕೈಯಾರೆ ಪೆಟ್ಟಿಗೆ ಕೊಟ್ಟೆ. ಒಂದು ಗಂಟೆಯೊಳಗೆ ವಾಪಸು ತಂದರು.

"ಇದು ಬ್ಯಾಡ ಮೇಷ್ಟ್ರೇ, ಓದ್ವಾರದ್ದೇ ಕೊಡಿ. ಇದ್ರಲ್ಲಿ ಬರೀ ಸ್ವರ ಬತ್ತದೆ, ಅಮ್ಮ ಬರಾಕಿಲ್ಲ."

ಬ್ಲಫ್‌ನ ವಿಮರ್ಶಕ

ಮಳವಳ್ಳಿಯ ಆಚೆ, ಹೊಳೆ ನೀರಿನಿಂದ ಕರೆಂಟು ತೆಗೆಯುವ ಬ್ಲಫ್ ಎಂಬ ಊರಿನಲ್ಲಿ ಒಬ್ಬರು ಹಿರಿಯರಿದ್ದಾರೆ. ಮೂವತ್ತೈದು ವರ್ಷ ಕರೆಂಟು ತಯಾರಿಸುವ ಯಂತ್ರಗಳ ಪಕ್ಕದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಯಂತ್ರದ ಝೇಂಕಾರ ಕೇಳಿಯೇ ಅದರ ಕಾಯಿಲೆ ಹೇಳುತ್ತಿದ್ದರಂತೆ. ಅಂಥ ಕಿವಿ ಸಿಗುವುದು ಅಪರೂಪ. ಆರು ತಿಂಗಳು ಕೂತು ಮಾಡಿದ ಇಪ್ಪತ್ತು ನಿಮಿಷದ ಕೃತಿಯನ್ನು ಅವರ ಮುಂದೆ ಇಟ್ಟೆ. ತಂಬೂರಿಯ ಒಂದೇ ನಾದವನ್ನು ಮನೆಯಲ್ಲಿ ಹಿಡಿದು, ಎಳೆದು ಎಳೆದು ಮಾಡಿದ್ದು. ಅದರೊಳಗೆ ವಿಶ್ವದ ಉಸಿರಾಟ ಇದೆ ಎಂದು ನನಗನ್ನಿಸಿತ್ತು.

ಅವರು ಪೂರ್ತಿ ಕೇಳಿದರು. ಇಪ್ಪತ್ತು ನಿಮಿಷ ಕದಲಲಿಲ್ಲ.

"ಬೇರಿಂಗ್ ಓಗ್ಬುಟ್ಟದೆ," ಅಂದರು.

"ಸಾರ್, ಇದು ತಂಬೂರಿ. ಇದರಲ್ಲಿ ಬೇರಿಂಗ್ ಇರಲ್ಲ."

"ಅದೇನಾರ ಇರ್ಲಿ ಕಣಪ್ಪ. ಬೇರಿಂಗ್ ಓಗ್ಬುಟ್ಟದೆ. ಇನ್ನೊಂದು ವಾರ, ಅಷ್ಟೇ."

ಬೇಸರದಿಂದ ಮನೆಗೆ ಬಂದೆ. ನನ್ನ ನಾದಬ್ರಹ್ಮ ಇವರಿಗೆ ಗ್ರೀಸು ಕೇಳುವ ಮೋಟಾರಾಯಿತಲ್ಲ! ಮುಂದಿನ ಬುಧವಾರ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಾಗ ತಲೆಯ ಮೇಲಿನ ಫ್ಯಾನು ಕಿರ್ರ್ ಅಂತು, ಕಟಕಟ ಅಂತು, ನಿಂತುಹೋಯಿತು. ರಿಪೇರಿಯವನು ಬಿಚ್ಚಿ ನೋಡಿ ಹೇಳಿದ್ದನ್ನು ನಾನು ಇಲ್ಲಿ ಮತ್ತೆ ಬರೆಯುವುದಿಲ್ಲ. ಆರು ತಿಂಗಳು ತಂಬೂರಿಯ ಹಿಂದೆ ವಿಶ್ವದ ಉಸಿರು ಬಿಡುತ್ತಿದ್ದುದು ಅದೇ ಫ್ಯಾನು.

ಮಂಡ್ಯದ ಕಚೇರಿ

ನಮ್ಮಪ್ಪ ಜೀವಮಾನವೆಲ್ಲ ಕಬ್ಬು ಬೆಳೆದವರು. ಮಗ ಏನು ಮಾಡುತ್ತಾನೆ ಅಂತ ಯಾರಾದರೂ ಕೇಳಿದರೆ "ಇಸ್ಕೂಲ್ ಮೇಷ್ಟ್ರು" ಅಂತ ಹೇಳಿ ಮಳೆ ಬೆಳೆಗೆ ಮಾತು ತಿರುಗಿಸುವವರು. ನನ್ನ ಕೃತಿಯನ್ನು ಅವರು ಒಮ್ಮೆಯೂ ಕೇಳಿರಲಿಲ್ಲ. ಮಂಡ್ಯದ ಒಂದು ಸಭಾಂಗಣದಲ್ಲಿ ನನ್ನದೇ ಪೂರ್ತಿ ಕಚೇರಿ ನಿಗದಿಯಾದಾಗ, ಕರೆಯದೆಯೇ ಬಂದು, ಬಿಳಿ ಪಂಚೆ ಉಟ್ಟು ಮೊದಲ ಸಾಲಿನಲ್ಲಿ ಕೂತರು.

ಮೈಕ್ ಸೆಟ್ಟಿನವನಿಗೆ ಐವತ್ತು ವರ್ಷ ಇರಬಹುದು. ಮದುವೆ, ನಾಟಕ, ರಾಜಕೀಯದ ಸಭೆ, ಎಲ್ಲಕ್ಕೂ ಅವನದೇ ಸೆಟ್ಟು. ಬಸ್ಸು ತಡವಾಗಿ ನನಗೆ ಅವನ ಜೊತೆ ಮಾತಾಡಲು ಪುರಸೊತ್ತಾಗಲಿಲ್ಲ. "ಸೌಂಡು ಜೋರಾಗಿರಲಿ" ಅಂದು ವೇದಿಕೆ ಹತ್ತಿ, ಲ್ಯಾಪ್‌ಟಾಪು ತೆರೆದು, ಕಣ್ಣು ಮುಚ್ಚಿ ಶುರು ಮಾಡಿದೆ.

ಮೊದಲು ನೀರಿನ ಸದ್ದು, ಬರೀ ಸುಯ್ ಅಂತ, ಐದು ನಿಮಿಷ. ಸೆಟ್ಟಿನವನು ಎದ್ದು ಬಂದು ಒಂದೊಂದೇ ತಿರುಪು ತಿರುಗಿಸಿದ. ಆಮೇಲೆ ಗಾಣದ ಕಿರುಗುಟ್ಟುವಿಕೆ. ಅವನು ಸ್ಪೀಕರಿಗೆ ದಬ್ ದಬ್ ಅಂತ ಗುದ್ದಿದ. ಮುಂದೆ ಕೃತಿಯಲ್ಲಿ ಗುಡುಗಿನಂಥ ಗೊರಗೊರ ಬಂತು. "ಹಲೋ... ಹಲೋ... ವನ್ ಟೂ ತ್ರೀ..." ಅಂತ ಮೈಕಿನಲ್ಲಿ ಕೂಗಿದ. ನಾನು ಕಣ್ಣು ತೆರೆದು, ಹೋಗಪ್ಪ ಅಂತ ಕೈ ಬೀಸಿದೆ. ಬೇಗ ಸರಿಮಾಡು ಅಂತಿದ್ದಾರೆ ಎಂದುಕೊಂಡ ಅವನು ಇನ್ನೂ ಗಾಬರಿಯಾಗಿ ವೇದಿಕೆಯ ಕೆಳಗೆ ನುಗ್ಗಿದ. "ಯಾವನ್ಲಾ ಅವ್ನು ವೈರ್ ತುಳ್ದೋನು!" ಎಂಬ ಆರ್ತನಾದ ಅಲ್ಲಿಂದ ಎದ್ದಿತು. ನಿಲ್ಲಿಸಿಬಿಡೋಣ ಅನ್ನಿಸಿತು. ಆದರೆ ಅಪ್ಪ ಕೂತಿದ್ದರು. ಇವತ್ತು ನಿಲ್ಲಿಸಿದರೆ ಅವರು ಮತ್ತೆಂದೂ ಬರುವುದಿಲ್ಲ. ಹಲ್ಲು ಕಚ್ಚಿ ಮುಂದುವರಿಸಿದೆ.

ಕೊನೆಗೆ ಸೆಟ್ಟಿನವನು ಬೆವರು ಸುರಿಸುತ್ತಾ ಮೇಲೆ ಬಂದು ಜನರಿಗೆ ಕೈ ಮುಗಿದ. "ಮಹಾಜನಗಳೇ, ಮೂವತ್ ವರ್ಸದಿಂದ ಸೆಟ್ ಆಕ್ತಾವ್ನಿ. ಒಂದಿನಾನೂ ಇಂಗಾಗಿರ್ನಿಲ್ಲ. ನನ್ ಮರ್ವಾದೆ ಓಯ್ತು!" ಕೈಗೆ ಸಿಕ್ಕ ವೈರನ್ನು ಜಗ್ಗಿದ. ಎಲ್ಲ ನಿಂತುಹೋಯಿತು. ಆ ಮೌನದಲ್ಲಿ ಅವನು ಮೆಲ್ಲಗೆ, "ಓಯ್ತು," ಅಂದ.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮೈಸೂರಿನಿಂದ ಬಂದಿದ್ದ ಮುಖ್ಯ ಅತಿಥಿಗಳು ಮಾತಾಡುತ್ತಾ, ಯಂತ್ರದ ಎದುರು ಮನುಷ್ಯನ ಅಸಹಾಯಕತೆಯನ್ನು ಇಷ್ಟು ಪ್ರಾಮಾಣಿಕವಾಗಿ ಅಭಿನಯಿಸಿದ ಕಲಾವಿದನನ್ನು ತಾವು ಕಂಡಿಲ್ಲ ಎಂದರು. ನನಗೆ ತಂದಿದ್ದ ಶಾಲು ಅವನ ಹೆಗಲೇರಿತು. "ಸೆಟ್ ಕೆಟ್ರೂ ಶಾಲು ಒದಿಸ್ತಾವ್ರಲ್ಲ," ಅಂತ ಅವನು ಬೆರಗಿನಿಂದ ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

ಹೊರಗೆ ಅಪ್ಪನ ಬಳಿಗೆ ಹೋದೆ. "ಹೆಂಗಿತ್ತಪ್ಪಾ?"

"ನೀನು ಕಣ್ ಮುಚ್ಕಂಡು ಕುಂತಿದ್ದೆ, ಏನ್ ಮಾಡ್ದೋ ತಿಳೀನಿಲ್ಲ. ಆ ಇನ್ನೊಬ್ಬ ಪಾಪ, ಪ್ರಾಣ ಬುಟ್ಟು ದುಡ್ದ ಕಣ್ಲಾ." ಚಪ್ಪಲಿ ಮೆಟ್ಟಿಕೊಂಡು ಎರಡು ಹೆಜ್ಜೆ ಹೋದವರು ನಿಂತರು. "ಮೊದ್ಲು ನೀರಿನ ಸದ್ದು ಬಂತಲ್ಲ, ಅದು ನಮ್ ಗದ್ದೆ ತೂಬಿಂದಲ್ವಾ?"

ಹೌದು, ನಮ್ಮ ಗದ್ದೆಯ ತೂಬಿನದೇ. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ಸುಮ್ಮನೆ ತಲೆಯಾಡಿಸಿದೆ.

ಒಂದು ತಿಂಗಳಾದ ಮೇಲೆ ಸೆಟ್ಟಿನವನ ಫೋನು ಬಂತು. ದನಿಯಲ್ಲಿ ಹೊಸ ಗತ್ತು. "ಸಾ, ಮೈಸೂರ್ನೋರು ನನ್ ಪ್ರೋಗ್ರಾಮ್ ಕೇಳ್ತಾವ್ರೆ. ಒಪ್ಕಂಬುಟ್ಟಿವ್ನಿ. ನೀವೂ ಬರ್ಬೇಕು."

"ನಾನು ಬಂದು ಏನಪ್ಪ ಮಾಡ್ಲಿ?"

"ಅವತ್ತು ಎಂಗೆ ಕೆಡಿಸುದ್ರೋ ಅಂಗೇ ಕೆಡಿಸ್ಕೊಡಿ ಸಾ. ಮಿಕ್ಕಿದ್ದು ನಾನ್ ನೋಡ್ಕತೀನಿ."