ಬರಿಗಾಲಿಗೆ ಒಪ್ಪುವ ಕಾಲುಚೀಲ

ಪೊಲೀಸ್ ಕಾರ್ಯಾಚರಣೆ ಮುಗಿದ ಮರುವರ್ಷ, ಅಂದರೆ ನಲವತ್ತೊಂಬತ್ತರಲ್ಲಿ, ಹೈದರಾಬಾದ್ ಸಂಸ್ಥಾನದ ಸುಧಾರಣೆಯನ್ನು ಕಾಲಿನಿಂದಲೇ ಶುರುಮಾಡತಕ್ಕದ್ದೆಂದು ತೀರ್ಮಾನವಾಯಿತು. ಕಲಬುರಗಿಯ ಪೋಷಾಕು ಖಾತೆಯಿಂದ ಕಮಲಾಪುರದ ತೂಕ-ಅಳತೆ ಕಚೇರಿಗೆ ಸುತ್ತೋಲೆ ಬಂತು: “ಕರಿ ಬೂಟಿಗೆ ಕರಿ ಕಾಲುಚೀಲ. ಕಂದು ಬೂಟಿಗೆ ಕಂದು. ಚಪ್ಪಲಿಗೆ, ಹೆಬ್ಬೆರಳು ಬೇರೆ ಇರುವಂಥದ್ದು. ಒಪ್ಪದ ಕಾಲಿನವರನ್ನು ಕಾಯಂ ಮಾಡತಕ್ಕದ್ದಲ್ಲ.”

ಆ ಕಚೇರಿಯ ಜವಾನ ಅಮೋಘಪ್ಪ ಸುತ್ತೋಲೆ ಹಿಡಿದು ಹಿರಿಯ ಗುಮಾಸ್ತರಾದ ಪೇಶ್ಕಾರರ ಮೇಜಿಗೆ ಓಡಿದ. ಹನ್ನೊಂದು ವರ್ಷದಿಂದ ಹಂಗಾಮಿ. ಕಾಯಂ ಆಗುವ ಕಾಗದ ಈ ತಿಂಗಳು ಬರುವುದಿತ್ತು. ಅವನ ಕಾಲಿಗೋ ಬೂಟೂ ಇಲ್ಲ, ಚಪ್ಪಲಿಯೂ ಇಲ್ಲ.

“ಪೇಶ್ಕಾರ ಸಾಹೇಬ್ರ, ಕರಿ ಬೂಟಿಗಿ ಕರಿ ಮೋಜಾ ಆತು, ಬರಿಗಾಲಿಗಿ ಎಂಥಾ ಮೋಜಾರೀ?”

ಪೇಶ್ಕಾರ ಗುಲಾಮ್ ರಸೂಲ್ ಸುತ್ತೋಲೆಯ ಹಿಂಬದಿಯನ್ನೂ ಓದಿದರು. ಅದು ಖಾಲಿಯಿತ್ತು. “ಕಾಯ್ದಾದಾಗ ಬರಿಗಾಲು ಇಲ್ಲಪಾ. ಅಂದ್ರ ನಿನಗ ಕಾಲೇ ಇಲ್ಲಂತಾತು.”

“ಬೂಟು, ಚಪ್ಪಲಿ ತಗೊಂಡ್ರ?”

“ಜವಾನ ಬೂಟು, ಚಪ್ಪಲಿ ಹಾಕ್ಕೊಂಡು ಸಾಹೇಬ್ರ ಮುಂದ ನಿಂತ್ರ ಬೇಅದಬಿ, ಮರ್ಯಾದಿ ಕೆಟ್ಟಂಗ. ಅದು ಹಳೀ ಕಾಯ್ದಾ, ಇನ್ನೂ ರದ್ದಾಗಿಲ್ಲ.”

ಪತ್ರ ಹೋಯಿತು. ಉತ್ತರ ಬಂತು: “ಬರಿಗಾಲಿಗೆ ಕಾಲಿನದೇ ಬಣ್ಣದ ಕಾಲುಚೀಲ. ಬಣ್ಣದ ದೃಢೀಕರಣಕ್ಕೆ ಕಾಲುಗಳು ಖುದ್ದು ಹಾಜರಾಗತಕ್ಕದ್ದು.”

ಅಮೋಘಪ್ಪ ಕಮಲಾಪುರದ ಕೆಂಪು ಮಣ್ಣು ತುಳಿದು ಬಂಡಿ ಹತ್ತಿದ. ಕಲಬುರಗಿಯಲ್ಲಿ ಇಳಿದವನೇ ಪೋಷಾಕು ಖಾತೆಯ ಮೇಜಿನ ಮೇಲೆ ಕಾಲಿಟ್ಟ. ಅಧಿಕಾರಿ ಅಣವೀರಪ್ಪನವರು ಕನ್ನಡಕ ಏರಿಸಿ ನೋಡಿ, “ಇಟ್ಟಂಗಿ ಕೆಂಪು” ಎಂದು ಬರೆದು ಮೊಹರು ಒತ್ತಿದರು.

“ಸಾಹೇಬ್ರ, ಅದು ಮಣ್ಣರೀ! ತೊಳದ್ರ ಕರ್ರಗ ಅದಾವ.”

“ತೊಳಕೊಂಡು ಬರ್ರಿ ಅಂತ ಪತ್ರದಾಗ ಬರದೀವೇನು?”

“ಇಲ್ರೀ.”

“ಮೊಹರು ಬಿದ್ದದ. ಇನ್ನ ಬದಲಾಗಬೇಕಾದದ್ದು ಕಾಲು.”

ಕಲಬುರಗಿಯ ರೋಜಾ ಓಣಿಯ ಅಂಗಡಿಯಲ್ಲಿ ಆ ಬಣ್ಣದ ಮೋಜಾ ಕೊಂಡು ಊರಿಗೆ ಬಂದರೆ, ಹೊಸ್ತಿಲಲ್ಲಿ ಹೆಂಡತಿ ದುಂಡಮ್ಮ ತಂಬಿಗೆ ಹಿಡಿದು ನಿಂತಿದ್ದಳು. “ಮದುಮಗನಂಗ ಕಾಣಾಕತ್ತೀರಲಾ! ಮೊದ್ಲ ಕಾಲು ತೊಳಕೋರಿ.”

“ತೊಳಕೊಂಡ್ರ ನೌಕರಿ ಹೋಗ್ತದ.”

ದುಂಡಮ್ಮ ವಿಷಯ ಪೂರ್ತಿ ಕೇಳಿದಳು. ಇಡೀ ಪ್ರಕರಣದಲ್ಲಿ ಯೋಚನೆ ಮಾಡಿದವಳು ಅವಳೊಬ್ಬಳೇ. “ರಾತ್ರಿ ತೊಳಕೊಂಡು ಉಣ್ರಿ, ಮುಂಜಾನಿ ಮತ್ತ ಬಳಕೊಂಡು ಹೋಗ್ರಿ. ಮಣ್ಣಿಗೇನು ಬರ ಬಂದದ?”

ತಪಾಸಣೆಗೆ ಅಣವೀರಪ್ಪನವರೇ ಬಂದರು. ಬಲಗಾಲಿನ ಮೋಜಾ ತೆಗೆಸಿ, ಕಾಲಿನ ಪಕ್ಕದಲ್ಲಿ ಹಿಡಿದು, ಬಿಸಿಲಿಗೆ ಒಯ್ದು ನೋಡಿದರು. ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಅಲ್ಲೇ ಆದೇಶವಾಯಿತು: “ಅಮೋಘಪ್ಪ, ಜವಾನ, ಬಣ್ಣ ಇಟ್ಟಂಗಿ ಕೆಂಪು, ಕಾಯಂ.” ದುಂಡಮ್ಮ ಓಣಿಗೆಲ್ಲ ಸಕ್ಕರೆ ಹಂಚಿದಳು.

ಮುಂದೆ ಮಳೆಗಾಲದ ಒಂದು ಮುಂಜಾನೆ, ದಾರಿಯಲ್ಲೇ ಜೋರು ಮಳೆ ಹೊಡೆದು, ಮೋಜಾ ನೆನೆಯದಿರಲೆಂದು ಕಳಚಿ ಹಿಡಿದಿದ್ದ ಅಮೋಘಪ್ಪನ ಕಾಲು ಸ್ವಚ್ಛ ತೊಳೆದುಹೋಯಿತು. ಹಾಜರಿ ಪುಸ್ತಕದ ಮುಂದೆ ನಿಂತವನ ಕಾಲನ್ನೂ ಆದೇಶವನ್ನೂ ಗುಲಾಮ್ ರಸೂಲ್ ಎರಡೆರಡು ಸಲ ತಾಳೆ ನೋಡಿದರು.

“ಅಮೋಘಪ್ಪ ಇವತ್ತು ಬಂದಿಲ್ಲ ನೋಡ್ರಿ,” ಎಂದರು ಬಹಳ ಮರ್ಯಾದೆಯಿಂದ. “ನಿಮಗೇನಾಗಬೇಕಿತ್ತು?”

ಅಮೋಘಪ್ಪ ತನ್ನ ಕಾಲು ನೋಡಿಕೊಂಡ. ಪೇಶ್ಕಾರರ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. “ಏನಿಲ್ರೀ, ಅವಂದು ಒಂದಿನದ ರಜಾ ಅರ್ಜಿ ಕೊಡಾಕ ಬಂದೀನಿ,” ಎಂದು ಬರೆದುಕೊಟ್ಟು ಮನೆಗೆ ಹೋದ. ರಜೆ ಮಂಜೂರಾಯಿತು.