ನನ್ನ ನಂಬರು ಕೊಡದ ಗೆಳೆಯ

ಗೆಳೆಯ ತೀರಿಕೊಂಡ ಮೇಲೆ ಅವನ ಮೇಲಿನ ಸಿಟ್ಟೆಲ್ಲ ಇಳಿಯಬೇಕು. ಇಳಿದಿದೆ. ಹೊಟ್ಟೆಕಿಚ್ಚು ಮಾತ್ರ ಇಳಿದಿಲ್ಲ. ಅದೂ ಯಾರ ಮೇಲೆ? ನನ್ನ ಹೆಂಡತಿಯ ಮೇಲೆ.

ಅವನು ಗಡಿಯಾರ ರಿಪೇರಿಯವನು, ನಾನು ಅಚ್ಚುಕೂಟದಲ್ಲಿ ಪ್ರೂಫ್ ತಿದ್ದುವವನು. ನಮ್ಮ ಮನೆಯ ಮಾಳಿಗೆಯಲ್ಲಿ ಅವನೊಬ್ಬನೇ, ಕೆಳಗೆ ನಾವು ಗಂಡ ಹೆಂಡತಿ. ಶಾಲೆಯ ಬೆಂಚಿನಿಂದಲೇ ಜೊತೆ. ಅವನ ಹೃದಯ ಕೈಕೊಟ್ಟಾಗ ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬೆನ್ನು ಮುರಿದುಕೊಂಡವನು ನಾನು. ಮನೆಗೆ ಕಳಿಸುವ ದಿನ ಒಬ್ಬ ಸಿಸ್ಟರ್ ಬಂದರು. ಮನೆ ಸೇರಿದ ರೋಗಿಗಳ ಬೆನ್ನು ಬಿಡದೆ ಫೋನಿನಲ್ಲಿ ವಿಚಾರಿಸುವುದೇ ಅವರ ಕೆಲಸ: ಮಾತ್ರೆ ನುಂಗಿದರೋ, ಕಾಲು ಊದಿದೆಯೋ, ತಪಾಸಣೆಗೆ ಬರುತ್ತಾರೋ.

“ಯಾರ ನಂಬರಿಗೆ ಫೋನ್ ಮಾಡ್ಲಿ?”

ನಾನು ಗಂಟಲು ಸರಿಮಾಡಿಕೊಂಡು ಎದೆಯುಬ್ಬಿಸಿ ನಿಂತೆ. ಆ ಮಹಾನುಭಾವ ನನ್ನ ಹೆಂಡತಿಯ ನಂಬರನ್ನು ಒಂದೇ ಉಸಿರಿಗೆ ಹೇಳಿಬಿಟ್ಟ! (ನನಗೇ ಅದು ಬಾಯಿಪಾಠವಿಲ್ಲ.)

ಅಲ್ಲಿಗೆ ನಮ್ಮ ಮನೆಯಲ್ಲಿ ಹೊಸ ಸಾಮ್ರಾಜ್ಯ ಸ್ಥಾಪನೆಯಾಯಿತು. ಫೋನು ಬಂದರೆ ಸಾಕು, ಇವಳು ಒಲೆ ಆರಿಸಿ ಓಡುತ್ತಿದ್ದಳು. “ಹೇಳಿ ಸಿಸ್ಟರ್... ಅಣ್ಣನ ತೂಕ ನಿನ್ನೆಯಷ್ಟೇ ಇದೆ ಸಿಸ್ಟರ್...” ಆ ಜೇನಿನಂಥ ದನಿ ನನ್ನ ಪಾಲಿಗೆ ಮದುವೆಯಾದ ವರ್ಷವೇ ಖಾಲಿಯಾಗಿತ್ತು. ಇನ್ನು ಅವನೋ, ನಾನು ಕಾಲಿಗೆ ಬಿದ್ದರೂ ಉಪ್ಪು ಬಿಡದವನು ಇವಳು ಕಣ್ಣು ಬಿಟ್ಟರೆ ಸಪ್ಪೆ ಊಟ ಮಾಡಿ ತಟ್ಟೆ ತೊಳೆದಿಡುತ್ತಿದ್ದ.

“ಒಂದ್ಸಲ ನಾನು ಮಾತಾಡ್ತೀನಿ, ಕೊಡೇ.”

“ನಿಮಗೇನ್ರೀ ಗೊತ್ತು? ಅಣ್ಣನ ಬೆಳಗಿನ ಮಾತ್ರೆ ಯಾವ ಬಣ್ಣ, ಹೇಳಿ ನೋಡೋಣ.”

“ಬಿಳಿ.”

“ಎಲ್ಲಾ ಬಿಳೀನೇ! ಅದರಲ್ಲಿ ಯಾವುದು?”

ಒಂದು ಸಂಜೆ ಇವಳು ಸ್ನಾನಕ್ಕೆ ಹೋಗಿದ್ದಾಗ ಫೋನು ಬಂತು. ಹಾರಿ ಹಿಡಿದೆ.

“ನಾಳೆ ಬೆಳಿಗ್ಗೆ ರಕ್ತಪರೀಕ್ಷೆಗೆ ಕರ್ಕೊಂಡು ಬನ್ನಿ. ಹಾಂ, ಇನ್ನೊಂದು ವಿಷಯ...”

“ಗೊತ್ತು ಸಿಸ್ಟರ್, ಎಲ್ಲಾ ಗೊತ್ತು!” ಎಂದು ಇಟ್ಟುಬಿಟ್ಟೆ.

ಇವಳೆದುರು ಉಸಿರೂ ಬಿಡಲಿಲ್ಲ. ಬೆಳಿಗ್ಗೆ ಇವಳು ಏಳುವ ಮೊದಲೇ ಗೆಳೆಯನನ್ನು ಕರೆದುಕೊಂಡು ಹೊರಟೆ. ದಾರಿಯಲ್ಲಿ ಪ್ರೀತಿ ಉಕ್ಕಿ, ಹೋಟೆಲಿನಲ್ಲಿ ಬೆಣ್ಣೆ ಬಳಿದ ಬ್ರೆಡ್ಡು, ಸಕ್ಕರೆ ಜಾಸ್ತಿ ಹಾಕಿದ ಕಾಫಿ ಕೊಡಿಸಿದೆ.

“ಸಿಸ್ಟರ್ ಏನೂ ಹೇಳಿಲ್ವೇನೋ?”

“ಎಲ್ಲಾ ನನಗೆ ಬಿಡು.”

ಸಪ್ಪೆ ತಿಂದು ಸೋತಿದ್ದ ಜೀವ, ಎರಡನೇ ಸಲ ಕೇಳಲಿಲ್ಲ.

ಆಸ್ಪತ್ರೆಯಲ್ಲಿ ಸಿಸ್ಟರ್ ಕೇಳಿದರು: “ಖಾಲಿ ಹೊಟ್ಟೇಲಿ ತಾನೆ ಬಂದಿರೋದು?”

ನಾನು ಬಾಯಿ ತೆರೆಯುವ ಮೊದಲೇ ಗೆಳೆಯ ದೀರ್ಘವಾಗಿ ತೇಗಿದ.

ಸಿಸ್ಟರ್ ನನ್ನೆದುರೇ ನನ್ನ ಹೆಂಡತಿಗೆ ಫೋನ್ ಹಚ್ಚಿದರು. ಆ ಕಡೆಯಿಂದ ಬರುತ್ತಿದ್ದ ದನಿಗೆ ನಾನು ನಿಂತಲ್ಲೇ ಬೆವತೆ. ಅದನ್ನು ಕಂಡ ಸಿಸ್ಟರ್ ನನ್ನ ತೋಳಿಗೆ ಬಿಪಿ ಪಟ್ಟಿ ಸುತ್ತಿದರು. ಗೆಳೆಯನದಕ್ಕಿಂತ ನನ್ನದೇ ಮೇಲಿತ್ತು!

“ಇವತ್ತಿಂದ ನೀವೂ ನನ್ನ ಪೇಷೆಂಟು. ಯಾರ ನಂಬರಿಗೆ ಫೋನ್ ಮಾಡ್ಲಿ?”

ಗೆಳೆಯ ಮತ್ತೆ ಅದೇ ನಂಬರನ್ನು ಒಂದೇ ಉಸಿರಿಗೆ ಒಪ್ಪಿಸಿದ.

ವಾಪಸು ಬರುವಾಗ ಬಸ್ಸಿನಲ್ಲಿ ತಡೆಯಲಾರದೆ ಕೇಳಿದೆ: “ಅವತ್ತು ನನ್ನ ನಂಬರ್ ಯಾಕೋ ಕೊಡ್ಲಿಲ್ಲ?”

“ಲೋ ಪ್ರೂಫು, ಕೆಟ್ಟ ಸುದ್ದಿ ಬಂದ್ರೆ ನೀನು ಫೋನ್ ಹಿಡ್ಕೊಂಡು ಅಳ್ತಾ ಕೂರ್ತೀಯ. ಆಗ ನನ್ನನ್ನ ಯಾರು ನೋಡ್ಬೇಕು? ನಿನ್ನನ್ನ ಯಾರು ನೋಡ್ಬೇಕು? ತಂಗಿ ಆದ್ರೆ ಇಬ್ಬರನ್ನೂ ನೋಡ್ಕೊಳ್ತಾಳೆ.”

“ನಾನ್ಯಾಕೆ ಅಳ್ಲಿ?”

“ಪೇಷೆಂಟು ಹೆಚ್ಚು ಮಾತಾಡಬಾರದು. ಸುಮ್ನೆ ಕೂತ್ಕೋ.”

ಹೃದಯ ಎರಡನೇ ಸಲ ಕೈಕೊಟ್ಟಾಗ ಅವನು ಆಸ್ಪತ್ರೆಯಿಂದ ಮರಳಲಿಲ್ಲ. ಸುದ್ದಿ ಇವಳ ಫೋನಿಗೇ ಬಂತು. ಇವಳು ಓಡಾಡಿ ಎಲ್ಲವನ್ನೂ ಮುಗಿಸಿದಳು. ನಾನು ಅಳುತ್ತಾ ಕೂತಿದ್ದೆ, ಅವನು ಹೇಳಿದ ಹಾಗೆಯೇ. ಅವನು ಬಿಚ್ಚಿಟ್ಟ ಗಡಿಯಾರವೊಂದು ಮಾಳಿಗೆಯ ಮೇಜಿನ ಮೇಲೆ ಇನ್ನೂ ಹಾಗೇ ಇದೆ.

ಈ ಬೆಳಿಗ್ಗೆ ಮತ್ತೆ ಫೋನು. ಅದೇ ಜೇನು.

“ಹೇಳಿ ಸಿಸ್ಟರ್... ಇಲ್ಲ ಸಿಸ್ಟರ್, ಸರಿಯಾಗಿ ಊಟ ಮಾಡ್ತಿಲ್ಲ. ಮಾಳಿಗೆ ಮೆಟ್ಟಿಲ ಮೇಲೇ ಕೂತಿರ್ತಾರೆ...”

“ಕೊಡೇ ಇಲ್ಲಿ! ನನ್ನ ವಿಷಯ ತಾನೆ, ನಾನೇ ಹೇಳ್ತೀನಿ.”

ಅವಳು ಫೋನಿಗೆ ಕೈ ಅಡ್ಡ ಹಿಡಿದಳು. “ನಿಮ್ಮ ಮಾತ್ರೆ ಯಾವ ಬಣ್ಣ, ಹೇಳಿ ನೋಡೋಣ.”

“ಬಿಳಿ,” ಎಂದೆ.

“ಹೌದು ಸಿಸ್ಟರ್,” ಎಂದಳು ಫೋನಿಗೆ, “ಹಳದೀದು ಇವತ್ತೂ ನುಂಗಿಲ್ಲ.”