ಕೋಟೆ ಹಿಂದೆ ಇತ್ತು

ಕನ್ನಡಕದಂಗಡಿಯವನ ಪೇಚಾಟ ಶುರುವಾದದ್ದು ಒಂದೇ ಒಂದು ಪದದಿಂದ. ಬೆಟ್ಟದ ಸಾಲು ನೋಡುತ್ತ ಹಳೆಯ ಊರುಗಳನ್ನು ಸುತ್ತಿದ ಪ್ರವಾಸಕ್ಕೆ ಒಂದು ಕೋಟೆ ಮಾತ್ರ ಬಾಕಿ ಉಳಿದಿತ್ತು. ಹೊಸ ಕಾರನ್ನು ಅವನೇ ಓಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ಹೆಂಡತಿ ಮತ್ತು ಅತ್ತೆ. ಪಕ್ಕದಲ್ಲಿ ಬಾಯಿಗೆ ಬ್ರೇಕಿಲ್ಲದ ಭಾವಮೈದ.

"ಭಾವ, ಕತ್ತಲಾಗೋದ್ರೊಳಗೆ ಕೋಟೆ ತೋರಿಸದಿದ್ರೆ ಕೀಲಿ ನನಗೆ. ಬೆಟ್ಟ ಇಳಿಯುವಾಗ ನಾನೇ ಡ್ರೈವರ್ರು."

"ಆಯ್ತು ಹೋಗೋ" ಎಂದುಬಿಟ್ಟ ಕನ್ನಡಕದಂಗಡಿಯವ. ಸ್ಕೂಟರನ್ನು ಹಾಲಿನಂಗಡಿಯೊಳಗೆ ನುಗ್ಗಿಸಿದ ಮಹಾಶಯ ಈ ಭಾವಮೈದನೇ ಎಂಬುದು ಆಮೇಲೆ ನೆನಪಾಯಿತು.

ಕೋಟೆಯಿದೆಯೆಂದು ಕೇಳಿದ್ದ ಊರಿನಾಚೆಯ ತಿರುವಿನಲ್ಲಿ ಕುರಿ ಮೇಯಿಸುವವನೊಬ್ಬ ಸಿಕ್ಕಿದ.

"ಕೋಟೆ ಎಲ್ಲಪ್ಪ?"

"ಕೋಟೆನಾ? ಹಿಂದೆ ಇತ್ತು."

ಕಾರು ಹಿಂದಕ್ಕೆ ತಿರುಗಿತು. ಊರಿನ ಇನ್ನೊಂದು ತುದಿಯಲ್ಲಿ ಸೌದೆ ಹೊತ್ತ ಅಜ್ಜಿ, "ಅಯ್ಯೋ, ಹಿಂದೆ ಇತ್ತಪ್ಪ" ಎಂದಳು. ಮತ್ತೆ ತಿರುಗಿತು. ಏರಿಳಿತದ ರಸ್ತೆಯಲ್ಲಿ ಕಾರು ತನ್ನದೇ ಬಾಲ ಹಿಡಿಯಲು ಹೊರಟ ನಾಯಿಯಂತೆ ಸುತ್ತತೊಡಗಿತು.

"ಊರವರ ಕಣ್ಣೆಲ್ಲ ಪರೀಕ್ಷೆ ಮಾಡ್ತೀರಿ, ನಿಮಗೊಂದು ಕೋಟೆ ಕಾಣಲ್ವಲ್ಲ!" ಎಂದಳು ಹೆಂಡತಿ.

ಕೊನೆಗೆ ಸುಸ್ತಾಗಿ ಊರೊಳಗಿನ ಚಹಾದಂಗಡಿಯ ಮುಂದೆ ಕುಳಿತಾಗ ಅಂಗಡಿಯಾಕೆ ನಕ್ಕಳು. "ಹಿಂದೆ ಅಂದ್ರೆ ಹಿಂದಿನ ಕಾಲದಲ್ಲಿ ಸ್ವಾಮಿ! ಈಗೆಲ್ಲಿದೆ?"

ಭಾವಮೈದ ಅಂಗೈ ಚಾಚಿದ. "ಕೀಲಿ."

ಕೀಲಿಗಾಗಿ ಜೇಬು ತಡಕುತ್ತ ಬಗ್ಗಿದವನಿಗೆ ತಾನು ಕುಳಿತ ಕಲ್ಲಿನ ಮೂಲೆಯಲ್ಲೊಂದು ದುಂಡನೆಯ ಗುಳಿ ಕಂಡಿತು. ಏನೋ ಭಾರವಾದದ್ದು ತಿರುಗಿ ತಿರುಗಿ ನುಣುಪಾಗಿಸಿದ ಗುಳಿ. ಕನ್ನಡಕ ಒರೆಸಿಕೊಂಡು ಗೋಡೆ ನೋಡಿದ. ಆಳುದ್ದದ ಕಲ್ಲುಗಳು. ಎದುರು ಮನೆಯವೂ ಅಂಥವೇ, ಅದರಾಚೆಯವೂ.

"ಅಮ್ಮಾ, ಈ ಕಲ್ಲೆಲ್ಲ ಎಲ್ಲೀವು?"

"ಕೋಟೆವೇ. ಬಿದ್ದ ಕೋಟೆ ಹೊತ್ಕೊಂಡು ಬಂದು ಊರು ಕಟ್ಟಿದ್ದು. ನೀವು ಕೂತಿರೋದು ಹೆಬ್ಬಾಗಿಲ ಹೊಸ್ತಿಲು, ಆ ಗುಳೀಲೇ ಬಾಗಿಲು ತಿರುಗ್ತಿದ್ದದ್ದು."

ಕನ್ನಡಕದಂಗಡಿಯವ ಧಿಗ್ಗನೆ ಎದ್ದ. "ಕೇಳಿಸ್ತೇನೋ? ಕೋಟೆ ತೋರಿಸೋದಿರಲಿ, ಮಧ್ಯಾಹ್ನದಿಂದ ಅದರೊಳಗೇ ನಿನ್ನ ಮೆರವಣಿಗೆ ಮಾಡಿಸ್ತಿದೀನಿ!"

"ನಮ್ಮ ಅಳಿಯಂದ್ರು ಅಂದ್ರೆ ಸುಮ್ನೇನಾ!" ಎಂದು ಅತ್ತೆ ಚಪ್ಪಾಳೆ ತಟ್ಟಿದರು. ಭಾವಮೈದ ಚಾಚಿದ್ದ ಕೈಯಿಂದ ತಲೆ ಕೆರೆದುಕೊಂಡ.

ರಾಜ್ಯ ಗೆದ್ದವನಂತೆ ಕಾರೇರಿ ಕೀಲಿ ತಿರುಗಿಸಿದ. ಕಾರು ಕೆಮ್ಮಿತು, ನಿಟ್ಟುಸಿರಿಟ್ಟಿತು, ಸುಮ್ಮನಾಯಿತು. ಪೆಟ್ರೋಲಿನ ಮುಳ್ಳು ಅಂಗಾತ ಮಲಗಿತ್ತು.

ಕಿಟಕಿಯಿಂದ ತಲೆ ಹೊರಹಾಕಿ ಕೇಳಿದ, "ಅಮ್ಮಾ, ಇಲ್ಲಿ ಪೆಟ್ರೋಲ್ ಬಂಕು ಎಲ್ಲಿದೆ?"

ಅಂಗಡಿಯಾಕೆ ಲೋಟ ತೊಳೆಯುತ್ತಲೇ ಹೇಳಿದಳು:

"ಬಂಕಾ? ಹಿಂದೆ ಇತ್ತು."